ನಡೆಯದ ನಾಣ್ಯ ಯಾವುದು ಸ್ವಾಮೀ?

ಮೊನ್ನೆ ಸಂಜೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಂದು ಪುಕ್ಕಟೆ ನಾಟಕ ನೋಡಿದೆ. ಪರದೆಯಿಲ್ಲ, ಬಣ್ಣವಿಲ್ಲ, ಪಾತ್ರಧಾರಿಗಳು ಮಾತ್ರ ನಮ್ಮವರೇ.

ಬೀಡಾ ಅಂಗಡಿ ಮುಂದೆ ಒಬ್ಬ ಮಹಾಶಯರು ನಿಂತಿದ್ದರು. ಅಂಗಡಿಯವನು ಚಿಲ್ಲರೆಗೆಂದು ಹತ್ತು ರೂಪಾಯಿ ನಾಣ್ಯ ಕೊಟ್ಟ. ಇವರು ಚೇಳು ಕಂಡವರಂತೆ ಕೈ ಹಿಂದಕ್ಕೆಳೆದರು. "ಇದು ನಡೆಯಲ್ಲ ಕಣಯ್ಯಾ, ನೋಟಿದ್ರೆ ಕೊಡು." ಅವನು ಗೊಣಗುತ್ತಾ ಒಂದು ಹರಕು ನೋಟು ಹುಡುಕಿ ಕೊಟ್ಟ.

ಐದು ನಿಮಿಷ ಕಳೆದಿಲ್ಲ, ಅದೇ ಮಹಾಶಯರು ಬಸ್ಸು ಹತ್ತಿದರು. ಒಳಜೇಬಿನಿಂದ ಹತ್ತು ರೂಪಾಯಿಯ ಎರಡು ನಾಣ್ಯ ತೆಗೆದು ಕಂಡಕ್ಟರ್ ಕೈಗಿಟ್ಟರು. ಕಂಡಕ್ಟರ್ ಮುಖ ಸಿಂಡರಿಸಿದ್ದೇ ತಡ, ಇವರ ಗಂಟಲು ಇಡೀ ಬಸ್ಸಿಗೆ ಕೇಳಿಸಿತು. "ಯಾಕ್ರೀ ತಗೊಳ್ಳಲ್ಲ? ಇದು ಸರ್ಕಾರದ ದುಡ್ಡಲ್ವೇನ್ರೀ?"

ಕೊಡುವಾಗ ಸರ್ಕಾರದ ದುಡ್ಡು, ತಗೊಳ್ಳುವಾಗ ಖೋಟಾ ದುಡ್ಡು! ತನ್ನ ಎಲೆಯಲ್ಲಿ ಕತ್ತೆ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹುಡುಕಿದ ಹಾಗಾಯಿತು.

ಅಷ್ಟಕ್ಕೂ ಆ ನಾಣ್ಯ ಮಾಡಿದ ಪಾಪವೇನು? 2011ರಲ್ಲಿ ನಾಲ್ಕಾಣೆ ಚಲಾವಣೆಯಿಂದ ಹೋದದ್ದು ನಿಜ. ಹತ್ತು ರೂಪಾಯಿಗೆ ಆ ಗತಿ ಬಂದಿಲ್ಲ. ರೂಪಾಯಿ ಚಿಹ್ನೆ ಇರುವುದೂ ಸರಿ, ಇಲ್ಲದ್ದೂ ಸರಿ ಎಂದು ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿತು. ನಾವು ಕೇಳಲಿಲ್ಲ. ಅದುವರೆಗೆ ಬಂದ 14 ನಮೂನೆಗಳೂ ಅಸಲಿಯೇ ಎಂದು 2018ರ ಜನವರಿಯಲ್ಲಿ ಮತ್ತೆ ಹೇಳಿತು. ಆಗಲೂ ಕೇಳಲಿಲ್ಲ. ರಿಸರ್ವ್ ಬ್ಯಾಂಕಿಗಿಂತ ಪಕ್ಕದ ಅಂಗಡಿಯವನ ಮಾತಿನ ಮೇಲೆ ನಮಗೆ ನಂಬಿಕೆ ಜಾಸ್ತಿ.

ಅಂಗಡಿಯವನನ್ನು ಕೇಳಿ ನೋಡಿ. "ನಂದೇನಿಲ್ಲ ಸಾರ್, ಗಿರಾಕಿಗಳೇ ತಗೊಳ್ಳಲ್ಲ" ಅಂತಾನೆ. ಗಿರಾಕಿಯನ್ನು ಕೇಳಿ. "ನಂದೇನಿಲ್ಲ, ಅಂಗಡಿಯವರೇ ತಗೊಳ್ಳಲ್ಲ" ಅಂತಾನೆ. ಊರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ತಪ್ಪು ಮಾತ್ರ ದಿನಾ ನಡೀತಾ ಇದೆ!

ಇಷ್ಟು ಬರೆದು ನಾನೇನು ದೊಡ್ಡ ಹರಿಶ್ಚಂದ್ರ ಅಂದುಕೊಳ್ಳಬೇಡಿ. ಕಳೆದ ವಾರ ನನ್ನ ಹತ್ತಿರವೂ ಅಂಥ ಎರಡು ನಾಣ್ಯ ಉಳಿದಿದ್ದವು. ದಿನಸಿಯವನಿಗೆ ಕೊಡಲು ಧೈರ್ಯ ಬರಲಿಲ್ಲ. ಕತ್ತಲಾದ ಮೇಲೆ ಬಸ್ ಸ್ಟ್ಯಾಂಡ್ ಮೂಲೆಯಲ್ಲಿ ಹೂ ಮಾರುವ ಅಜ್ಜಿಯ ಹತ್ತಿರ ಹೋಗಿ, ಇಪ್ಪತ್ತು ರೂಪಾಯಿ ಮಲ್ಲಿಗೆ ಕಟ್ಟಿಸಿಕೊಂಡು, ಅವರ ಕೈಯಲ್ಲಿ ನಾಣ್ಯ ಇಟ್ಟು ಬೇಗ ಬೇಗ ಬಂದುಬಿಟ್ಟೆ. ಅವರು ಬೇಡ ಅನ್ನುವವರಲ್ಲ ಎಂದು ನನಗೆ ಗೊತ್ತಿತ್ತು.

ಮಾರನೇ ದಿನ ಅಜ್ಜಿಯೇ ಕರೆದರು. "ಏನೂ ಅಂದ್ಕೋಬೇಡ ಕಣಪ್ಪಾ, ನಿನ್ನೆ ಕೊಟ್ಟಿದ್ನ ಮಾತ್ರೆ ಅಂಗಡೀಲಿ ತಗೊಳ್ಳಲಿಲ್ಲ. ಬದಲಾಯಿಸಿ ಕೊಡ್ತೀಯಾ?"

ರಾತ್ರಿ ಮಾತ್ರೆ ಇಲ್ಲದೇ ಮಲಗಿದ್ದರೋ ಏನೋ, ಕೇಳಲು ನನಗೆ ಬಾಯಿ ಬರಲಿಲ್ಲ. ನೋಟು ಕೊಟ್ಟು ನಾಣ್ಯ ವಾಪಸು ತಗೊಂಡೆ. ನಾವು ಕೈಯಿಂದ ಕೈಗೆ ತಳ್ಳುವ ಈ ನಾಣ್ಯಗಳು ಕೊನೆಗೆ ಯಾರ ಹತ್ತಿರ ಬಂದು ನಿಲ್ಲುತ್ತವೆ ಅನ್ನೋದು ಆವತ್ತು ಗೊತ್ತಾಯಿತು.

ಅಂಗಡಿ ಮಾಲೀಕರೇ, "ಸಾಲ ಕೇಳಬೇಡಿ" ಎಂಬ ಬೋರ್ಡು ನಿಮ್ಮಲ್ಲಿ ಇದ್ದೇ ಇದೆ. ಅದರ ಕೆಳಗೆ "ಹತ್ತು ರೂಪಾಯಿ ನಾಣ್ಯ ತಗೊಳ್ಳುತ್ತೇವೆ" ಎಂದು ಇನ್ನೊಂದು ಸಾಲು ಬರೆಸಿ. ಗಿರಾಕಿಗಳೇ, ಅವರು ಕೊಟ್ಟಾಗ ನೀವೂ ಮುಖ ಗಂಟು ಹಾಕದೆ ತಗೊಳ್ಳಿ.

ಆ ಎರಡು ನಾಣ್ಯ ಇನ್ನೂ ನನ್ನ ಜೇಬಿನಲ್ಲೇ ಇವೆ. ನಾಳೆ ಬೆಳಿಗ್ಗೆ ಯಾರ ಅಂಗಡಿಗೆ ಬರಲಿ, ಹೇಳಿ?