ಎಕ್ಸೆಲ್ ಶೀಟಿಗೊಂದು ಹಿನ್ನೆಲೆ ಸಂಗೀತ

ಮೊದಲೇ ಹೇಳಿಬಿಡ್ತೀನಿ, ಈ ಜಗಳ ನನ್ನ ವಾರಗೆಯವರ ಜೊತೆಗೇ. ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದು, ಅರ್ಧ ತಿಂಗಳ ಬಾಡಿಗೆಯಷ್ಟು ಬೆಲೆಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಏರಿಸಿ, 'ಫೋಕಸ್', 'ಚಿಲ್' ಅಂತೇನೋ ಹೆಸರಿರೋ ಪ್ಲೇಲಿಸ್ಟ್ ಒತ್ತಿ, ಸಂಜೆವರೆಗೂ ಅದರೊಳಗೇ ಕೂತಿರೋರ ಜೊತೆಗೆ. ಕೇಳಿದರೆ "ನಾನು ಆಂಬಿಯೆಂಟ್ ಕೇಳ್ತೀನಿ" ಅಂತಾರೆ. ಯಾರದು, ಯಾವ ಆಲ್ಬಂ ಅಂತ ಕೇಳಿ ನೋಡಿ. ಗೊತ್ತಿರಲ್ಲ. ಎಂಟು ತಾಸು ಕಿವಿಯೊಳಗೇ ಇದ್ದದ್ದರ ಹೆಸರು ಗೊತ್ತಿಲ್ಲ ಅಂದಮೇಲೆ ಅದನ್ನ ಕೇಳಿದ್ದು ಅಂತ ಹೆಂಗೆ ಅನ್ನೋದು?

ನನ್ನ ತಕರಾರು ಇಷ್ಟೇ. ಮೆಲುದನಿಯ, ನಿಧಾನದ ಈ ಎಲೆಕ್ಟ್ರಾನಿಕ್ ಸಂಗೀತ ಹುಟ್ಟಿದ್ದು ಸುತ್ತಲಿನ ಜಗತ್ತನ್ನ ಕಿವಿಯೊಳಗೆ ಬಿಟ್ಟುಕೊಳ್ಳೋದಕ್ಕೆ. ನಮ್ಮ ಪೀಳಿಗೆ ಅದನ್ನ ಜಗತ್ತನ್ನ ಹೊರಗಿಡೋ ಹತ್ತಿಯುಂಡೆ ಮಾಡಿಕೊಂಡಿದೆ. ಇದರ ನಷ್ಟ ಸಂಗೀತಕ್ಕೂ ಇದೆ, ನಮ್ಮ ಕೊಪ್ಪಳದಂಥ ಊರುಗಳಿಗೂ ಇದೆ.

ಹುಟ್ಟಿದ ಕಥೆ ನೋಡಿ. 1975ರಲ್ಲಿ ಬ್ರಿಯಾನ್ ಈನೋ ಅನ್ನೋ ಇಂಗ್ಲಿಷ್ ಸಂಗೀತಗಾರ ಟ್ಯಾಕ್ಸಿ ಬಡಿದು ಹಾಸಿಗೆ ಹಿಡಿದಿದ್ದ. ನೋಡೋಕೆ ಬಂದ ಗೆಳತಿ ಹಾರ್ಪ್ ವಾದ್ಯದ ರೆಕಾರ್ಡ್ ಒಂದನ್ನ ತಂದುಕೊಟ್ಟಳು. ಅದು ತೀರಾ ಸಣ್ಣ ದನಿಯಲ್ಲಿ ಓಡ್ತಿತ್ತು, ಎದ್ದು ಹೆಚ್ಚು ಮಾಡೋ ತ್ರಾಣ ಅವನಿಗಿರಲಿಲ್ಲ. ಹೊರಗೆ ಮಳೆ. ಮಳೆಯ ಸಪ್ಪಳದ ನಡುವೆ ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಮೇಲೆ ಬರ್ತಿತ್ತು. ಸಂಗೀತ ಹೀಗೂ ಇರಬಹುದಲ್ಲ, ಕೋಣೆಯ ಬೆಳಕಿನ ಹಾಗೆ, ಮಳೆಯ ಹಾಗೆ ಸುತ್ತಲಿನ ಒಂದು ಭಾಗವಾಗಿ ಅಂತ ಅವನಿಗೆ ಅನ್ನಿಸಿತು. ಈನೋ ತಾನೇ ಹೇಳಿಕೊಂಡ ಕಥೆ ಇದು. ಮೂರು ವರ್ಷದ ಮೇಲೆ, 1978ರಲ್ಲಿ, 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಬಂತು. ನಾಲ್ಕೇ ತುಣುಕು, ಒಟ್ಟು 48 ನಿಮಿಷದ ಆಸುಪಾಸು. ಬೇರೆ ಬೇರೆ ಉದ್ದದ ಟೇಪಿನ ಸುರುಳಿಗಳು ತಮ್ಮ ಪಾಡಿಗೆ ತಾವು ಸುತ್ತುತ್ತಾವೆ. ಉದ್ದ ಬೇರೆ ಆದ್ದರಿಂದ ಒಂದು ಸಲ ಕೂಡಿಬಂದ ಸ್ವರಗಳು ಮತ್ತೆ ಅದೇ ಥರ ಕೂಡೋದು ಬಹಳ ಅಪರೂಪ. ಕಿವಿಗೊಟ್ಟರೆ ಪ್ರತಿ ಸುತ್ತೂ ಹೊಸದು. ಕಿವಿಗೊಡದೇ ಇದ್ದರೂ ಅದು ನಿಮ್ಮನ್ನ ಪೀಡಿಸಲ್ಲ. ಈ ಎರಡೂ ಗುಣ ಒಟ್ಟಿಗೆ ಇರಬೇಕು ಅನ್ನೋದೇ ಈನೋನ ಹಟ.

ಆ ಹಟ ಯಾರ ವಿರುದ್ಧ? ಮ್ಯೂಜ಼ಾಕ್ ವಿರುದ್ಧ. ಮ್ಯೂಜ಼ಾಕ್ ಅನ್ನೋದು ಅಮೆರಿಕದ ಕಂಪನಿ. ಕಾರ್ಖಾನೆ, ಆಫೀಸು, ಲಿಫ್ಟುಗಳಿಗೆ ತಂತಿ ಮೂಲಕ ಹಿನ್ನೆಲೆ ಸಂಗೀತ ಮಾರ್ತಿತ್ತು. ಅದರ ತಂತ್ರ ಕೇಳಿ: ಹದಿನೈದು ನಿಮಿಷದ ಒಂದೊಂದು ಕಟ್ಟು, ಕಟ್ಟಿನೊಳಗೆ ಹಾಡಿನಿಂದ ಹಾಡಿಗೆ ಲವಲವಿಕೆ ಏರ್ತಾ ಹೋಗುತ್ತೆ, ಆಮೇಲೆ ಹದಿನೈದು ನಿಮಿಷ ಮೌನ. ಉದ್ದೇಶ ಒಂದೇ, ಕೆಲಸಗಾರರ ಕೈ ನಿಧಾನ ಆಗಬಾರದು. ಈನೋ ತನ್ನ ಸಂಗೀತಕ್ಕೆ ಬೇರೆ ಹೆಸರಿಟ್ಟಿದ್ದೇ ಇದರಿಂದ ದೂರ ನಿಲ್ಲೋಕೆ. ಈಗ ನಿಮ್ಮ ಫೋಕಸ್ ಪ್ಲೇಲಿಸ್ಟ್ ತೆಗೆದು ನೋಡಿ. ಕೈ ನಿಧಾನ ಆಗಬಾರದು, ಟಿಕೆಟ್ ಕ್ಲೋಸ್ ಆಗಬೇಕು, ಸ್ಪ್ರಿಂಟ್ ಮುಗೀಬೇಕು. ಮ್ಯೂಜ಼ಾಕ್‌ಗೆ ದುಡ್ಡು ಕೊಡ್ತಿದ್ದದ್ದು ಕಾರ್ಖಾನೆ ಮಾಲೀಕ. ಈಗ ಚಂದಾ ಕಟ್ತಿರೋರು ನಾವೇ. ಇದೊಂದೇ ಪ್ರಗತಿ.

ಇದರ ಹಿಂದಿನ ವ್ಯಾಪಾರವನ್ನೂ ಸ್ವಲ್ಪ ತಿಳ್ಕೊಳ್ಳಿ. ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕು 30 ಸೆಕೆಂಡು ಓಡಿದರೆ ಒಂದು ಲೆಕ್ಕ. ಎರಡು ನಿಮಿಷದ ಟ್ರ್ಯಾಕಿಗೂ ಒಂದೇ ಲೆಕ್ಕ, ಹದಿನೇಳು ನಿಮಿಷದ ಟ್ರ್ಯಾಕಿಗೂ ಒಂದೇ ಲೆಕ್ಕ. ಹಂಗಿದ್ದಮೇಲೆ ಹದಿನೇಳು ನಿಮಿಷ ನಿಧಾನವಾಗಿ ಅರಳೋ ತುಣುಕನ್ನ ಯಾರು ಯಾಕೆ ಮಾಡ್ತಾರೆ? ಲಿಜ಼್ ಪೆಲ್ಲಿ ಅನ್ನೋ ಪತ್ರಕರ್ತೆ 2025ರಲ್ಲಿ ತಂದ 'ಮೂಡ್ ಮೆಷಿನ್' ಪುಸ್ತಕದಲ್ಲಿ, ಇಂಥ ಮೂಡ್ ಪ್ಲೇಲಿಸ್ಟುಗಳೊಳಗೆ ಕಡಿಮೆ ದರಕ್ಕೆ ಸಗಟಾಗಿ ಮಾಡಿಸಿದ, ಸುಳ್ಳು ಹೆಸರಿನ ಕಲಾವಿದರ ಟ್ರ್ಯಾಕುಗಳು ಹೇಗೆ ತುಂಬಿಕೊಂಡವು ಅಂತ ವಿವರವಾಗಿ ಬರೆದಿದ್ದಾಳೆ. ಅವು ಒಳಗೆ ನುಸುಳೋಕೆ ಆಗಿದ್ದು ಯಾಕೆ? ಯಾರೂ ಕೇಳ್ತಾ ಇರಲಿಲ್ಲ, ಅದಕ್ಕೆ. ಹಾಲಿಗೆ ನೀರು ಬೆರೆಸೋನು ಕುಡಿಯೋರ ನಾಲಿಗೆಯನ್ನ ನೋಡಿಕೊಂಡೇ ಬೆರೆಸೋದು.

ಇಲ್ಲಿ ಇನ್ನೊಂದು ಗುಂಪು ಎದ್ದು ನಿಲ್ಲುತ್ತೆ. "ಅದೆಲ್ಲ ಫಾರಿನ್ ಮಂದಿ ಶೋಕಿ, ನಮಗೆ ಬೇಡ" ಅಂತ. ಯಲಬುರ್ಗಾ ಕಡೆಯ ನಮ್ಮ ಕಾಕಾ ಈ ಸಂಗೀತ ಮೊದಲ ಸಲ ಕೇಳಿದಾಗ, "ಏನಪಾ ಇದು, ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಂಗ ಅನ್ನಾಕತ್ತೈತಿ. ಹಾಡ ಯಾವಾಗ ಚಾಲೂ ಆಗತೈತಿ?" ಅಂದಿದ್ರು. ನಗಬೇಡಿ, ಅವರು ಅಲ್ಲಿಗೇ ನಿಲ್ಲಲಿಲ್ಲ. ಐದು ನಿಮಿಷ ಸುಮ್ಮನೆ ಕೂತು, "ಭಜನಿ ಚಾಲೂ ಆಗೂಕಿಂತ ಮೊದಲ ಪೇಟಿಯೊಳಗ ಒಂದ ಸುರಾ ಹಿಡದ ಬಿಡತಾರಲ್ಲ, ಹಂಗೈತಿ ನೋಡು" ಅಂದ್ರು. ಹೆಸರಿನ ಹಂಗಿಲ್ಲದ ಕಿವಿ ಹಿಡಿದ ಮಾತು ಅದು. ನಮ್ಮ ಯಾವ ಪ್ಲೇಲಿಸ್ಟ್ ಪಂಡಿತರೂ ಇಷ್ಟು ಹೇಳಿದ್ದನ್ನ ನಾನು ಕೇಳಿಲ್ಲ.

ಯಾಕಂದರೆ ಒಂದೇ ಸ್ವರದೊಳಗೆ ಕೂರೋದು ನಮಗೆ ಹೊರಗಿನಿಂದ ಬಂದದ್ದಲ್ಲ. ಏಕತಾರಿ ಮೀಟ್ಕೊಂಡು ತತ್ವಪದ ಹಾಡೋರಿಗೆ ಇರೋದು ಒಂದೇ ತಂತಿ. ಕೊಪ್ಪಳದಿಂದ ಒಂದು ತಾಸಿನ ದಾರಿ ಗದಗ, ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಊರು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕಲಿಯೋ ಹುಡುಗ ಮೊದಲು ಕೂರೋದು ಶ್ರುತಿಯ ಮುಂದೆ. ಇನ್ನು ಎಲೆಕ್ಟ್ರಾನಿಕ್ ಅಂದರೆ ಫಾರಿನ್ ಅನ್ನೋರಿಗೆ: ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿಗಳನ್ನ ರೂಪಿಸಿ ಮನೆಮನೆಗೆ ಮುಟ್ಟಿಸಿದ ರಾಡೆಲ್ ಬೆಂಗಳೂರಿನದು. ಅದನ್ನ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲುವಾದಕರೂ ಹೌದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜ಼ರ್ ಇಟ್ಟುಕೊಂಡು ನಮ್ಮವರು ಪ್ರಯೋಗ ಮಾಡ್ತಿದ್ರು. ಆ ಧ್ವನಿಮುದ್ರಿಕೆಗಳು 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಅಂತ ಆಲ್ಬಂ ಆಗಿ ಹೊರಬಂದವು. ಈನೋನ ವಿಮಾನ ನಿಲ್ದಾಣಕ್ಕಿಂತ ಒಂಬತ್ತು ವರ್ಷ ಮುಂಚಿನ ಮಾತು ಇದು.

ಇನ್ನೂ ಹಿಂದಕ್ಕೆ ಹೋಗಬೇಕಾ? ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ. ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳು ನೂರಾರು ಇವೆ. 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಇವೆ. ಅಲ್ಲೇ ಎತ್ತರದ ಬಂಡೆ ಮೇಲೆ ಅರ್ಧಗೋಲದ ಆಕಾರದ ಗುಂಡೊಂದು ಕೂತಿದೆ. ಕಲ್ಲಿನ ನಗಾರಿ. ಕಟ್ಟಿಗೆಯಿಂದ ಬಡಿದರೆ ಕಿಲೋಮೀಟರ್ ದೂರಕ್ಕೂ ಕೇಳುತ್ತೆ ಅಂತಾರೆ. ಆ ಕಾಲದವರಿಗೆ ಸುತ್ತಲಿನ ಗುಡ್ಡ, ಕಣಿವೆ, ಗಾಳಿ ಎಷ್ಟು ನಿಶ್ಶಬ್ದವಾಗಿತ್ತು ಅನ್ನೋದನ್ನ ಒಂದು ಸಲ ಯೋಚನೆ ಮಾಡಿ. ಒಂದು ಕಲ್ಲಿನ ದನಿಯನ್ನ ಅಷ್ಟು ದೂರದಿಂದ ಗುರುತಿಸೋ ಕಿವಿಗಳು ಈ ನೆಲದಲ್ಲಿದ್ದವು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಇವತ್ತು ಕೊಪ್ಪಳ ಜಿಲ್ಲೆಯ ಸಪ್ಪಳ ಯಾವುದು? ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಕಡೆ ಹಗಲೂ ರಾತ್ರಿ ಓಡೋ ಕಬ್ಬಿಣದ ಕಾರ್ಖಾನೆಗಳು, ಅದಿರಿನ ಲಾರಿಗಳು. ಗಂಗಾವತಿಯ ರೈಸ್ ಮಿಲ್ಲುಗಳು. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳಲ್ಲಿ ಎದ್ದಿರೋ ಗಾಳಿಫ್ಯಾನುಗಳ ಸುಂಯ್ ಸುಂಯ್. ಗಣಪತಿ ಹಬ್ಬಕ್ಕೆ ಎದೆಗೂಡು ಅದುರಿಸೋ ಡಿಜೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಬಾರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಕಾಗದದ ಮೇಲೆ ಮೌನಕ್ಕೆ ಎಷ್ಟು ಚಂದದ ಕಾನೂನಿದೆ ನೋಡಿ.

2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆಯ್ತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯೇ ಜನರ ಜೊತೆ ನಿಂತರು. ಜನ ಕೇಳಿದ್ದು ಮುಖ್ಯವಾಗಿ ಕಪ್ಪು ಧೂಳಿನ ಬಗ್ಗೆ, ಉಸಿರಿನ ಬಗ್ಗೆ. ಆದರೆ ಧೂಳು ಬರೋ ದಿಕ್ಕಿನಿಂದಲೇ ಸಪ್ಪಳವೂ ಬರುತ್ತೆ. ಅಂಗಳದಲ್ಲಿ ಹಾಸಿಗೆ ಹಾಕಿ ಮಲಗೋರಿಗೆ ಎರಡೂ ಒಂದೇ ಕಾಯಿಲೆ. ಅವರ ಹತ್ತಿರ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ.

ಆ ಯಂತ್ರದ ಕೆಲಸವೇ ಮಜಾ ಇದೆ. ಹೊರಗಿನ ಸಪ್ಪಳವನ್ನ ಸಣ್ಣ ಮೈಕಿನಿಂದ ಹಿಡಿದು, ಅದರ ತಿರುವುಮುರುವು ಅಲೆಯನ್ನ ಕಿವಿಗೆ ಬಿಟ್ಟು, ಎರಡನ್ನೂ ಸೊನ್ನೆ ಮಾಡುತ್ತೆ. ಇದು ಚೆನ್ನಾಗಿ ನಡೆಯೋದು ಕೆಳಸ್ತರದ, ಎಡೆಬಿಡದ ಸಪ್ಪಳದ ಮೇಲೆ. ಫ್ಯಾನು, ಮೋಟರು, ಮಿಲ್ಲಿನ ಗುಂಯ್. ಅಂದರೆ ಜಗತ್ತಿನ ಅಸಲಿ ಗುಂಯ್ ಅಳಿಸೋಕೆ ಒಂದು ದುಡ್ಡು, ಆ ಜಾಗಕ್ಕೆ ಸಿಂಥಸೈಜ಼ರಿನ ಗುಂಯ್ ತುಂಬೋಕೆ ಇನ್ನೊಂದು ದುಡ್ಡು. ದುಡ್ಡಿದ್ದೋರು ಹೀಗೆ ತಮ್ಮ ತಮ್ಮ ಕಿವಿಯಷ್ಟೇ ಅಗಲದ ಮೌನ ಕೊಂಡುಕೊಂಡಮೇಲೆ ಊರಿನ ಮೌನಕ್ಕೆ ಅರ್ಜಿ ಹಾಕೋರು ಯಾರು? ಬಾಟ್ಲಿ ನೀರು ಕುಡಿಯೋನಿಗೆ ಬೀದಿ ನಳದ ಚಿಂತೆ ಇರಲ್ಲ. ಇದೂ ಅದೇ ಕಥೆ.

ಡಿಜೆ ಮುಂದೆ ಕುಣಿಯೋ ಹುಡುಗರನ್ನ ಬೈಯೋದು ನಮ್ಮಂಥವರಿಗೆ ಸುಲಭ. ರಾತ್ರಿ ಹತ್ತರ ಮೇಲಿನ ಡಿಜೆ ನಿಲ್ಲಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹುಡುಗರಿಗೆ ಹಾಡಿನ ಹೆಸರು ಗೊತ್ತು, ಬೀಟು ಯಾವಾಗ ಬೀಳುತ್ತೆ ಗೊತ್ತು, ಪಕ್ಕದಲ್ಲಿ ಕುಣಿಯೋನು ಯಾರ ಮಗ ಅನ್ನೋದೂ ಗೊತ್ತು. ಕೇಳುಗರು ಅನ್ನೋ ಹೆಸರು ಅವರಿಗೆ ಸಲ್ಲುತ್ತೆ. ಫೋಕಸ್ ಪ್ಲೇಲಿಸ್ಟಿನವರಿಗೆ ಸಲ್ಲುತ್ತಾ?

"ನನ್ನ ಕೆಲಸಕ್ಕೆ ಅನುಕೂಲ ಆಗುತ್ತೆ ಮಾರಾಯ, ನಿನ್ನ ಗಂಟೇನು ಹೋಯ್ತು?" ಅಂತೀರಿ. ನ್ಯಾಯವಾದ ಪ್ರಶ್ನೆ. ಓಪನ್ ಆಫೀಸಿನ ಗದ್ದಲದಲ್ಲಿ, ಪಕ್ಕದವನ ಕಾಲ್ ನಡೀತಿರುವಾಗ ತಲೆ ಸರಿ ಇಟ್ಟುಕೊಳ್ಳೋಕೆ ಏನಾದರೂ ಬೇಕು, ಒಪ್ತೀನಿ. ಆದರೆ ಆಫೀಸನ್ನ ಗದ್ದಲದ ಸಂತೆ ಮಾಡಿದ್ದು ಕಂಪನಿ, ಅದನ್ನ ತಡ್ಕೊಳ್ಳೋ ಖರ್ಚು ನಿಮ್ಮದು. ಗೋಡೆ ಕೇಳೋ ಬದಲು ಹೆಡ್‌ಫೋನು ಕೊಂಡದ್ದನ್ನ ಅನುಕೂಲ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಬೇಕಾದರೆ ಆ ಹೊತ್ತಿಗೆ ಫ್ಯಾನಿನ ಸಪ್ಪಳ, ಮಳೆಯ ಸಪ್ಪಳ ಹಾಕ್ಕೊಳ್ಳಿ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ಕಟ್ಟಿದ ಆಲ್ಬಮನ್ನ ಟೇಬಲ್ ಒರೆಸೋ ಬಟ್ಟೆ ಮಾಡಬೇಡಿ.

ಹಾಗಾದರೆ ಹೇಗೆ ಕೇಳಬೇಕು? ಒಂದೇ ಆಲ್ಬಂ ಆರಿಸಿ, ಮೊದಲಿನಿಂದ ಕೊನೆವರೆಗೆ. 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆದರೆ ಹೆಚ್ಚುಕಮ್ಮಿ ಕೊಪ್ಪಳದಿಂದ ಗಂಗಾವತಿಗೆ ಬಸ್ಸು ಮುಟ್ಟೋವಷ್ಟು ಹೊತ್ತು. ಹಬ್ಬಕ್ಕೆ ಊರಿಗೆ ಹೋದಾಗ ರಾತ್ರಿ ಮಾಳಿಗೆ ಹತ್ತಿ. ಹೆಡ್‌ಫೋನು ಬೇಡ, ಒಂದು ಸಣ್ಣ ಸ್ಪೀಕರ್ ಸಾಕು. ದನಿ ಎಷ್ಟು ಕಡಿಮೆ ಇಡಬೇಕು ಅಂದರೆ ಓಣಿಯ ನಾಯಿ ಬೊಗಳಿದರೆ ಸ್ವರ ಮುಚ್ಚಿಹೋಗಬೇಕು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಹೊಲದ ಮೋಟರುಗಳು ಒಂದೊಂದಾಗಿ ಚಾಲೂ ಆಗ್ತಾವೆ, ಅವೂ ಒಳಗೆ ಬರಲಿ. ಫ್ಯಾನಿನ ರೆಕ್ಕೆ ಬರಲಿ, ಕೆಮ್ಮೋ ಅಜ್ಜ ಬರಲಿ. ಆಲ್ಬಂ ಮುಗಿದಮೇಲೆ ಹತ್ತು ನಿಮಿಷ ಏನೂ ಹಾಕಬೇಡಿ. ಈ ಸಂಗೀತದ ಅಸಲಿ ಕೆಲಸ ಶುರುವಾಗೋದು ಅಲ್ಲಿ. ಹದಗೊಂಡ ಕಿವಿಗೆ ಊರಿನ ಪ್ರತಿಯೊಂದು ಸಪ್ಪಳವೂ ಬಿಡಿಬಿಡಿಯಾಗಿ ಕೇಳುತ್ತೆ. ಯಾವುದು ಮೊದಲಿಂದ ಇದ್ದದ್ದು, ಯಾವುದು ಮೊನ್ನೆ ಬಂದದ್ದು, ಯಾವುದು ಇರಬಾರದು ಅಂತ ಗೊತ್ತಾಗುತ್ತೆ.

ಇರಬಾರದ್ದು ಯಾವುದು ಅಂತ ಗೊತ್ತಾದಮೇಲೆ ಸುಮ್ಮನಿರಬೇಡಿ. ಆ ಸಪ್ಪಳದ ಬಗ್ಗೆ ಜಿಲ್ಲಾಡಳಿತಕ್ಕೆ ಒಂದು ಅರ್ಜಿ ಬರೆಯಿರಿ. ಇಂಗ್ಲಿಷಿನಲ್ಲಿ ಮೇಲ್ ಗೀಚೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಒಂದು ಸಲ ಕನ್ನಡದಲ್ಲಿ ಬರೆಯಿರಿ. 55, 45 ಅನ್ನೋ ಎರಡು ಅಂಕಿ ಮರೀಬೇಡಿ.