ಕಾಲೇಜಿಗೆ ಬೈಕು: ಬಸ್‌ಸ್ಟಾಪಿನವರೆಗೆ ಸಾಕು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದದ್ದೇ ನಮ್ಮ ಕಡೆಯ ಕೃಷಿಕರ ಮನೆಗಳಲ್ಲಿ ಎರಡು ಮಾತುಕತೆ ಒಟ್ಟೊಟ್ಟಿಗೆ ಸುರುವಾಗುತ್ತವೆ. ಯಾವ ಕಾಲೇಜು ಎಂಬುದು ಒಂದು, ಹೋಗುವುದು ಯಾವುದರಲ್ಲಿ ಎಂಬುದು ಇನ್ನೊಂದು. ಮೊದಲಿನದ್ದಕ್ಕೆ ನಾಲ್ಕು ಜನರಲ್ಲಿ ಕೇಳುತ್ತೇವೆ, ಫೀಸು ಎಷ್ಟು, ಹಾಸ್ಟೆಲ್ ಹೇಗೆ ಅಂತ ವಿಚಾರಿಸುತ್ತೇವೆ. ಎರಡನೆಯದಕ್ಕೆ ಶೋರೂಮಿಗೆ ಹೋಗಿ ಬಣ್ಣ ನೋಡಿ ಬಂದರೆ ಮುಗಿಯಿತು. ಪಂಪು ತರುವಾಗ ಎಷ್ಟು ಎತ್ತರಕ್ಕೆ ನೀರು ಹೋಗಬೇಕು, ಎಷ್ಟು ಇಂಚಿನ ಪೈಪು ಅಂತ ಲೆಕ್ಕ ಹಾಕದೆ ಅಂಗಡಿಯ ಮೆಟ್ಟಿಲು ಹತ್ತದವರು ನಾವು. ಬೈಕಿಗೆ ಬಂದಾಗ ಆ ಬುದ್ಧಿ ಎಲ್ಲಿಗೆ ಹೋಗುತ್ತದೋ!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಸ್ಸು ಇರುವ ಊರಿನಲ್ಲಿ ಕಾಲೇಜು ಮಕ್ಕಳ ವಾಹನ ಬಸ್‌ಸ್ಟಾಪಿನಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಬಸ್ಸು.

ನಮ್ಮ ಮನೆಯಿಂದ ಮೇನ್ ರೋಡಿಗೆ ಮೂರೂವರೆ ಕಿಲೋಮೀಟರ್, ಅಲ್ಲಿಂದ ಪೇಟೆಗೆ 19. ಬೈಕಿನಲ್ಲೇ ಪೂರ್ತಿ ಹೋಗಿ ಬಂದರೆ ದಿನಕ್ಕೆ 45 ಕಿ.ಮೀ. ವರ್ಷಕ್ಕೆ 200 ದಿನ ಕಾಲೇಜು ಎಂದು ಹಿಡಿದರೆ 9,000 ಕಿ.ಮೀ. ಲೀಟರಿಗೆ 50 ಸಿಕ್ಕಿದರೆ 180 ಲೀಟರ್. ಪೆಟ್ರೋಲು ನೂರರ ಆಸುಪಾಸು ಇರುವ ಈ ದಿನಗಳಲ್ಲಿ ಅದು 18,000 ರೂಪಾಯಿ ಆಯಿತು. ಮೂರು ವರ್ಷಕ್ಕೆ 54,000. ಬೈಕಿಗೆ ಒಂದು ಲಕ್ಷ, ಸರ್ವೀಸು ಟಯರು ಅಂತ ಹದಿನೈದು ಸಾವಿರ. ಕೊನೆಗೆ ಮಾರಿದಾಗ 45,000 ಬಂದರೂ ಕೈಬಿಟ್ಟು ಹೋಗುವುದು 1,24,000. ಚಾಲಿ ಅಡಿಕೆಗೆ ಕಿಲೋಗೆ 400 ಎಂದಿಟ್ಟುಕೊಂಡರೆ ಮೂರು ಕ್ವಿಂಟಾಲಿಗೂ ಮೇಲೆ. ಕೊಯ್ದು, ಒಣಗಿಸಿ, ಸುಲಿದು ಮಾಡಿದ ಅಡಿಕೆ ಅದು. ಅದೇ ಬೈಕು ಸ್ಟಾಪಿನವರೆಗೆ ಮಾತ್ರ ಓಡಿದರೆ ವರ್ಷಕ್ಕೆ 1,400 ಕಿ.ಮೀ., 28 ಲೀಟರ್ ಪೆಟ್ರೋಲು. ಮನೆಯಲ್ಲಿ ಈಗಾಗಲೇ ಒಂದು ಹಳೆಯ ಸ್ಕೂಟರ್ ಇದ್ದರೆ ಹೊಸತು ಬೇಕೆಂದೇ ಇಲ್ಲ.

ಕಾರಿನ ವಿಚಾರ ಚುಟುಕಾಗಿ ಮುಗಿಸುತ್ತೇನೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷಗಳಲ್ಲಿ ಕಾಲೇಜಿಗೆ ಕಾರು ಕೊಟ್ಟು ಕಳಿಸಿದ ಮನೆಗಳೂ ಉಂಟು. ಇದೇ 45 ಕಿ.ಮೀ.ಗೆ ದಿನಕ್ಕೆ ಇನ್ನೂರೈವತ್ತು ರೂಪಾಯಿಯ ಎಣ್ಣೆ. ನಿಲ್ಲಿಸಲು ಜಾಗ ಪೇಟೆಯಲ್ಲಿ ಇಲ್ಲ. ನೆರೆಹೊರೆಯ ನಾಲ್ಕು ಮಕ್ಕಳು ಒಟ್ಟಿಗೆ ಹೋಗುವುದಾದರೆ ಒಂದು ಮಾತು, ಆದರೆ ಬಿಳಿ ಬೋರ್ಡಿನ ಕಾರಿನಲ್ಲಿ ತಲೆಗಿಷ್ಟು ಅಂತ ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ.

ಇನ್ನು ಕಾನೂನು. ಇದನ್ನು ಓದುಗರು ಸ್ವಲ್ಪ ನಿಧಾನಕ್ಕೆ ಓದಬೇಕು. ಪಿಯುಸಿ ಮಕ್ಕಳಿಗೆ ವಯಸ್ಸು 16, 17. ಹದಿನಾರಕ್ಕೆ ಸಿಗುವ ಲೈಸೆನ್ಸು 50 ಸಿ.ಸಿ. ಒಳಗಿನ ಗಾಡಿಗೆ ಮಾತ್ರ. ಈಗ ನಾವು ಮನೆಯಲ್ಲಿ ಇಟ್ಟುಕೊಂಡಿರುವ ಸ್ಕೂಟರುಗಳೆಲ್ಲ ನೂರು ಸಿ.ಸಿ. ದಾಟಿದವು. ಹಾಗಾಗಿ ಪಿಯುಸಿ ಹುಡುಗ ಓಡಿಸುತ್ತಾನೆ ಎಂದರೆ ಲೈಸೆನ್ಸಿಲ್ಲದೆ ಓಡಿಸುತ್ತಾನೆ ಎಂದೇ ಅರ್ಥ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ 199ಎ ಎಂಬ ಕಲಂ ಬಂತು. ಹದಿನೆಂಟು ತುಂಬದವರು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೋ ಗಾಡಿಯ ಮಾಲಿಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಅದಕ್ಕಿಂತ ದೊಡ್ಡದು ವಿಮೆಯ ವಿಷಯ. ಲೈಸೆನ್ಸಿಲ್ಲದವನು ಓಡಿಸಿ ಇನ್ನೊಬ್ಬರಿಗೆ ಪೆಟ್ಟಾದರೆ, ವಿಮಾ ಕಂಪೆನಿ ಅವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲಿಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಹೇಳಿದ್ದುಂಟು. ಮಾಲಿಕ ಎಂದರೆ ನೀವು ನಾನು. ವಸೂಲು ಎಂದರೆ ತೋಟ.

ಹದಿನೆಂಟು ದಾಟಿದರೂ ಒಂದು ಸೂಕ್ಷ್ಮ ಉಂಟು. ಪಾಲಿಸಿಯಲ್ಲಿ 15 ಲಕ್ಷದ ಅಪಘಾತ ರಕ್ಷೆ ಅಂತ ಇರುತ್ತದಲ್ಲ, ಅದು ಲೈಸೆನ್ಸ್ ಇದ್ದು ತಾನೇ ಓಡಿಸುವ ಮಾಲಿಕನಿಗಾಗಿ ಮಾಡಿದ್ದು. ನಮ್ಮಲ್ಲಿ ಆರ್.ಸಿ. ಅಪ್ಪನ ಹೆಸರಲ್ಲಿ, ಓಡಿಸುವುದು ಮಗ. ಪಾಲಿಸಿ ಮಾಡುವಾಗಲೇ ಏಜೆಂಟರಲ್ಲಿ ಬಾಯಿಬಿಟ್ಟು ಕೇಳಬೇಕು, ಬೇಕಾದರೆ ಮಕ್ಕಳ ಹೆಸರಲ್ಲೇ ಬೇರೆ ಮಾಡಿಸಬೇಕು. ಬ್ಯಾಂಕ್ ಖಾತೆ ಇರುವ 18 ದಾಟಿದವರಿಗೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ ಉಂಟು, ಅಪಘಾತದಲ್ಲಿ ಜೀವ ಹೋದರೆ ಎರಡು ಲಕ್ಷ. ಇಪ್ಪತ್ತು ರೂಪಾಯಿಗೆ ಈಗ ಒಳ್ಳೆಯ ಒಂದು ಕಾಫಿ ಬರುವುದು ಕಷ್ಟ.

ಮಳೆಯ ವಿಚಾರ ನಮ್ಮ ಜಿಲ್ಲೆಯವರಿಗೆ ಬರೆದು ತಿಳಿಸಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರ್ ಎಂದರೆ ಕಾಲೇಜಿನ ವರ್ಷದ ದೊಡ್ಡ ಪಾಲು. ಏರು ಕಂಡಲ್ಲೆಲ್ಲ ಹಾಕಿದ ಕಾಂಕ್ರೀಟಿಗೆ ಪಾಚಿ ಹಿಡಿದಿರುತ್ತದೆ. ಬದಿಯ ಮಣ್ಣು ಕೊಚ್ಚಿ ಹೋಗಿ ರಸ್ತೆಯ ಅಂಚು ಅರ್ಧ ಅಡಿ ಮೇಲಿರುತ್ತದೆ. ಎದುರಿನಿಂದ ಲಾರಿ ಬಂದಾಗ ಅನುಭವಸ್ಥನೇ ತಡವರಿಸುವ ಜಾಗ. ಸಂಜೆ ಆರೂವರೆಯ ಮೇಲೆ ಕಾಡುಹಂದಿ ಅಡ್ಡ ಬರುವುದು ಬೇರೆ. ಎಲೆಕ್ಟ್ರಿಕ್ ಸ್ಕೂಟರ್ ತೆಗೆಸಿಕೊಡಿ, ಪೆಟ್ರೋಲಿನ ಖರ್ಚಿಲ್ಲ ಅಂತ ಕೆಲವು ಮಕ್ಕಳು ಹೇಳುತ್ತಾರೆ. ಲೆಕ್ಕ ಸರಿಯೇ. ಆದರೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಅದು ಜಗಲಿಯಲ್ಲೇ ಕೂತಿರುತ್ತದೆ. ಪಾಚಿಗೆ ಜಾರುವುದೂ ಪೆಟ್ರೋಲಿನದ್ದರ ಹಾಗೆಯೇ.

ಇಷ್ಟು ನಮ್ಮ ನಮ್ಮ ಮನೆಯ ಲೆಕ್ಕ. ನನ್ನನ್ನು ಬರೆಯಲು ಕೂರಿಸಿದ್ದು ಊರಿನ ಲೆಕ್ಕ.

ನಮ್ಮ ದಾರಿಗೆ ಸಂಜೆ ಎರಡು ಟ್ರಿಪ್ ಇತ್ತು, ನಾಲ್ಕೂವರೆಯದ್ದು, ಐದು ಮುಕ್ಕಾಲಿನದ್ದು. ಒಂದೊಂದೇ ಮನೆಗೆ ಬೈಕು ಬಂತು, ಹೆಚ್ಚಿನದ್ದು ಗಂಡುಮಕ್ಕಳಿಗೆ. ಐದು ಮುಕ್ಕಾಲಿನ ಬಸ್ಸಿನಲ್ಲಿ ಜನ ಕಮ್ಮಿ ಆಯಿತು. ಕೊರೊನಾ ಕಾಲದಲ್ಲಿ ಎಲ್ಲವೂ ನಿಂತಿತಲ್ಲ, ಮತ್ತೆ ಸುರುವಾದಾಗ ಆ ಟ್ರಿಪ್ ಬರಲೇ ಇಲ್ಲ. ಕೇಳಿದ್ದಕ್ಕೆ ಕಲೆಕ್ಷನ್ ಇಲ್ಲ ಎಂದರು. ಬೈಕು ಇದ್ದವರಿಗೆ ಟ್ರಿಪ್ ನಿಂತದ್ದು ಗೊತ್ತೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಆಸ್ಪತ್ರೆಗೆ ಹೋಗುವ ಅಜ್ಜಂದಿರಿಗೆ, ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ, ಎಲ್ಲಕ್ಕಿಂತ ಹೆಚ್ಚು ಕಾಲೇಜಿನ ಹೆಣ್ಣುಮಕ್ಕಳಿಗೆ. ಪ್ರಾಕ್ಟಿಕಲ್ ಮುಗಿಯುವುದೇ ಐದು ಗಂಟೆಗೆ. ನಾಲ್ಕೂವರೆಯ ಬಸ್ಸಿಗೆ ಅವರು ಬರುವುದು ಹೇಗೆ? ನಮ್ಮ ವಠಾರದ ಒಬ್ಬಳು ಹುಡುಗಿ, ಅಂಕ ಚೆನ್ನಾಗಿದ್ದವಳು, ವಿಜ್ಞಾನ ಬಿಟ್ಟು ಕಾಮರ್ಸಿಗೆ ಸೇರಿದಳು. ಮನೆಯವರು ಕೊಟ್ಟ ಕಾರಣ ಒಂದೇ, ಬಸ್ಸಿಲ್ಲ. ಅವಳ ಅಣ್ಣನಿಗೆ ಅದೇ ವರ್ಷ ಬೈಕು ಬಂದಿತ್ತು.

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಒಳ್ಳೆಯದೇ. ಆದರೆ ಬಾರದ ಬಸ್ಸಿನಲ್ಲಿ ಪುಕ್ಕಟೆ ಹೋಗುವುದಕ್ಕೂ ಆಗುವುದಿಲ್ಲವಷ್ಟೆ. ಇನ್ನೊಂದು, ಅವರಿಗೂ ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ, ಎಷ್ಟು ಜನ ಹತ್ತಿದರು ಎಂಬುದು ಲೆಕ್ಕಕ್ಕೆ ಬರುತ್ತದೆ. ಟ್ರಿಪ್ ಬೇಕು ಅಂತ ಕೇಳಲು ಹೋಗುವವರಿಗೆ ಆ ಲೆಕ್ಕ ಕೈಗೆ ಸಿಕ್ಕಿದ ಕೋಲು.

ನಮ್ಮಲ್ಲಿ ಮಗಳು ಡಿಗ್ರಿ ಎರಡನೇ ವರ್ಷ, ಮಗ ಪಿಯುಸಿ. ಮಗಳಿಗೆ ಲೈಸೆನ್ಸ್ ಉಂಟು. ಬೆಳಿಗ್ಗೆ ಅವಳು ಓಡಿಸುತ್ತಾಳೆ, ತಮ್ಮ ಹಿಂದೆ ಕೂರುತ್ತಾನೆ, ಇಬ್ಬರ ತಲೆಗೂ ಹೆಲ್ಮೆಟ್. ಸ್ಟಾಪಿನ ಹತ್ತಿರದ ದಿನಸಿ ಅಂಗಡಿಯ ಹಿಂದೆ ಸ್ಕೂಟರ್ ಇಟ್ಟು ಬಸ್ಸು ಹತ್ತುತ್ತಾರೆ. ಅಂಗಡಿಯವರಿಗೆ ದುಡ್ಡು ಬೇಡ, ವರ್ಷಕ್ಕೆ ಎರಡು ಗೊನೆ ಬಾಳೆಹಣ್ಣು ಹೋಗುತ್ತದೆ. ಪ್ರಾಕ್ಟಿಕಲ್ ಇರುವ ಎರಡು ದಿನ ಮಾತ್ರ ಸ್ಕೂಟರ್ ಪೇಟೆಯವರೆಗೂ ಹೋಗುತ್ತದೆ, ಆ ದಿನ ತಮ್ಮನಿಗೆ ಬೆಳಿಗ್ಗೆ ನಡಿಗೆ. ತೀರಾ ಮಳೆಯಿದ್ದರೆ ಮಗಳು ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾಳೆ. ಮಗನಿಗೆ ಅಕ್ಕನ ಹಿಂದೆ ಕೂತು ಹೋಗುವುದು ಮರ್ಯಾದೆ ಕಮ್ಮಿ ಅಂತ ಸುರುವಿಗೆ ಮುಖ ಊದಿತ್ತು. ಹದಿನೆಂಟು ಆಗಲಿ, ಲೈಸೆನ್ಸ್ ಮಾಡಿಸುವ, ಆಮೇಲೆ ಅಕ್ಕನನ್ನು ಹಿಂದೆ ಕೂರಿಸಿಕೋ ಎಂದಿದ್ದೇನೆ.

ಸಮಯ ಉಳಿಯುತ್ತದಲ್ಲ ಮಾರಾಯ್ರೆ ಅಂತ ನೆರೆಮನೆಯ ಭಾವ ವಾದ ಮಾಡುತ್ತಾರೆ. ಹೌದು, ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಅವರ ಮಗ ಆ ಗಂಟೆಯಲ್ಲಿ ಸ್ಪ್ರಿಂಕ್ಲರ್ ಬದಲಿಸುತ್ತಾನೆ, ಹಾಲು ಸೊಸೈಟಿಗೆ ಕೊಡುತ್ತಾನೆ, ಮದ್ದು ಬಿಡುವ ಸಮಯದಲ್ಲಿ ಮೈಲುತುತ್ತು ಸುಣ್ಣ ತಂದುಕೊಡುತ್ತಾನೆ. ಅಂಥ ಮನೆಗೆ ನಾನು ಏನೂ ಹೇಳುವುದಿಲ್ಲ. ಸತ್ಯ ಹೇಳಬೇಕೆಂದರೆ ಎಷ್ಟೋ ಮನೆಗಳಲ್ಲಿ ಬೈಕು ಬರುವುದು ಮಗನ ಕಾಲೇಜಿಗೆ ಅಂತ ಹೆಸರಿಗೆ, ಪೇಟೆಯ ಸಾಮಾನಿಗೆ ಜನ ಇಲ್ಲ ಅಂತ ಒಳಗಿನ ಕಾರಣ. ಅದಾದರೆ ಹಾಗೆಂದೇ ಲೆಕ್ಕ ಬರೆಯಲಿ. ಬಸ್ಸೇ ಇಲ್ಲದ, ಸರ್ವಿಸ್ ಜೀಪೂ ಬಾರದ ಒಳ ಊರುಗಳವರಿಗೂ ನನ್ನ ಈ ಮಾತು ಅನ್ವಯಿಸುವುದಿಲ್ಲ. ಅವರು ಲೈಸೆನ್ಸ್ ಆದ ಮೇಲೆ ಧೈರ್ಯವಾಗಿ ಕೊಡಿಸಲಿ, ಮಗಳಿಗೂ ಕೊಡಿಸಲಿ.

ಐದು ಮುಕ್ಕಾಲಿನ ಟ್ರಿಪ್ ಮತ್ತೆ ಬೇಕೆಂದು ಒಂದು ಅರ್ಜಿ ಬರೆದಿದ್ದೇವೆ. ಯಾವ ಕಾಲೇಜಿಗೆ, ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತದೆ, ಎಲ್ಲಿ ಇಳಿಯುವುದು ಅಂತ ಪ್ರತಿ ಹೆಸರಿನ ಎದುರು ಬರೆಸಿದ್ದೇವೆ. ಬರಿಯ ಸಹಿಗಿಂತ ಅದಕ್ಕೆ ಬೆಲೆ ಜಾಸ್ತಿ ಅಂತ ಒಬ್ಬರು ನಿವೃತ್ತ ಕಂಡಕ್ಟರ್ ಹೇಳಿಕೊಟ್ಟದ್ದು. ಈವರೆಗೆ 34 ಹೆಸರು ಆಗಿದೆ, ಅದರಲ್ಲಿ ಬೈಕು ಇರುವ ಮನೆಗಳದ್ದು ಹನ್ನೊಂದು. ಗ್ರಾಮಸಭೆಯಲ್ಲಿ ಓದಿ ನಿರ್ಣಯ ಮಾಡಿಸಿ ಡಿಪೋಗೆ ಕೊಡುವುದೆಂದು ತೀರ್ಮಾನ. ಭಾವನ ಸಹಿಯೂ ಬಿದ್ದಿದೆ, ಮಗಳು ಬರುವ ವರ್ಷ ಪಿಯುಸಿಗೆ.