ಎಲ್ಲದಕ್ಕೂ ಒಂದೇ ರಿಮೋಟ್: ಕರೆಂಟ್ ಹೋಗಿ ಬಂದರೆ ಏಕೆ ಎಡವಟ್ಟು?

ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್‌ಗಳ ರಿಮೋಟುಗಳ ಕೆಲಸವನ್ನೆಲ್ಲ ಒಂದೇ ರಿಮೋಟಿಗೆ ಕಲಿಸಬಹುದು. ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲೇ ಇಂತಹ ‘ಕೋರ್’ ಎಂಬ ರಿಮೋಟ್ ತಂದಿದ್ದರು.

ಗುಂಡಿ ಒತ್ತಿದಾಗ ರಿಮೋಟಿನ ತುದಿಯ ಎಲ್‌ಇಡಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿನುಗಿಸುತ್ತದೆ. ಮಿನುಗು ಮತ್ತು ಬಿಡುವುಗಳ ಜೋಡಣೆಯೇ ಸಂಕೇತ. ಹಳೆಯ ರಿಮೋಟನ್ನು ಎದುರಿಗೆ ಹಿಡಿದು ಒತ್ತಿದರೆ ಹೊಸದು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಲೂಟೂತ್ ರಿಮೋಟಿನಿಂದ ಮಾತ್ರ ಹೀಗೆ ಕಲಿಯಲಾಗದು.

ತೊಡಕು ಬೇರೆಡೆ ಇದೆ. ಇಂತಹ ರಿಮೋಟ್ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಯಾವ ಸಾಧನ ಆನ್ ಇದೆ, ಯಾವುದು ಆಫ್ ಎಂಬುದು ಅದಕ್ಕೆ ತಿಳಿಯದು. ಎಷ್ಟೋ ಸಾಧನಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ಬೆಳಗಾವಿಯಲ್ಲಿ, ಅದರಲ್ಲೂ ಮಳೆ ಜೋರಾಗಿರುವ ಖಾನಾಪುರದ ಕಡೆ ಕರೆಂಟ್ ಹೋಗಿ ಬಂತು ಎನ್ನೋಣ. ಕೆಲವು ಬಾಕ್ಸ್‌ಗಳು ತಾವೇ ಆನ್ ಆಗುತ್ತವೆ, ಟಿವಿ ಆಫ್ ಆಗಿಯೇ ಇರುತ್ತದೆ. ಆಗ ‘ಎಲ್ಲ ಆನ್’ ಗುಂಡಿ ಒತ್ತಿದರೆ ಟಿವಿ ಆನ್, ಬಾಕ್ಸ್ ಆಫ್! ‘ಸಿಗ್ನಲ್ ಇಲ್ಲ’ ಎಂಬುದನ್ನು ಕಂಡ ಮನೆಯ ಹಿರಿಯರು ಟಿವಿಯೇ ಕೆಟ್ಟಿತೆಂದು ಕೈಚೆಲ್ಲುತ್ತಾರೆ.

ಪರಿಹಾರ ಸರಳ. ಆನ್, ಆಫ್‌ಗೆ ಬೇರೆ ಬೇರೆ ಸಂಕೇತಗಳಿದ್ದರೆ ಅವನ್ನೇ ತುಂಬಿಸಬೇಕು. ಇಲ್ಲದಿದ್ದರೆ ಬಾಕ್ಸ್‌ಗೆಂದೇ ಪ್ರತ್ಯೇಕ ಪವರ್ ಗುಂಡಿಯೊಂದನ್ನು ಗುರುತು ಹಾಕಿ ಹಿರಿಯರಿಗೆ ತೋರಿಸಿಕೊಡೋಣ. ಹಳೆಯ ರಿಮೋಟುಗಳನ್ನು ಎಸೆಯದಿರೋಣ. ಮತ್ತೆ ಕಲಿಸಬೇಕಾದಾಗ ಅವೇ ಗುರುಗಳು.